ರೋಲರ್ ಕನ್ವೇಯರ್‌ಗೆ ಯಾವ ಚಾಲನೆ ಸೂಕ್ತ? ನಮ್ಮ ಬೆಲ್ಲ, ಹಾಲು, ಅಕ್ಕಿ ಘಟಕಗಳ ದೃಷ್ಟಿಯಿಂದ ಒಂದು ತುಲನೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ದೂರದ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಯಂತ್ರಕ್ಕೂ ಮೋಟಾರಿಗೂ ನಮ್ಮ ಜಿಲ್ಲೆ ಹೊಸದಲ್ಲ. ಆದರೆ ದೊಡ್ಡ ಕಾರ್ಖಾನೆಯ ಒಳಗೆ ನಡೆಯುವ ಸರಕು ಸಾಗಣೆಯ ವ್ಯವಸ್ಥೆ ಚಿಕ್ಕ ಘಟಕಗಳಿಗೆ ಇಳಿದು ಬಂದದ್ದು ತಡವಾಗಿ. ಇಂದಿಗೂ ನಮ್ಮ ಎಷ್ಟೋ ಪ್ಯಾಕಿಂಗ್ ಕೊಠಡಿಗಳಲ್ಲಿ ಪೆಟ್ಟಿಗೆಗಳು ತೂಕದ ಮೇಜಿನಿಂದ ಲಾರಿಯವರೆಗೆ ಆಳುಗಳ ಹೆಗಲ ಮೇಲೆಯೇ ಪಯಣಿಸುತ್ತವೆ.

2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂದು ಮಂಡ್ಯಕ್ಕೆ ಆಯ್ಕೆಯಾದದ್ದು ಬೆಲ್ಲ. ಅಚ್ಚು, ಕುರಿಕಾಟು, ಬಕೆಟ್ ಎಂದು ಮಂಡಿಗೆ ಹೋಗುತ್ತಿದ್ದ ಸರಕನ್ನು ಪುಡಿ ಮಾಡಿ, ಪೊಟ್ಟಣ ಕಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಲು ಹೊರಟ ಉದ್ಯಮಿಗೆ ಆಲೆಮನೆಯಲ್ಲಿ ಎಂದೂ ಎದುರಾಗದಿದ್ದ ಒಂದು ಪ್ರಶ್ನೆ ಎದುರಾಗುತ್ತದೆ. ಕನ್ವೇಯರ್ ಬೇಕು, ಸರಿ. ಅದರ ರೋಲರ್‌ಗಳನ್ನು ತಿರುಗಿಸುವುದು ಹೇಗೆ? ಮೇಜಿನ ಮೇಲೆ ಎರಡು ಕೊಟೇಶನ್‌ಗಳಿರುತ್ತವೆ. ಒಂದರಲ್ಲಿ ಒಂದೇ ಗೇರ್ ಮೋಟಾರು, ಚೈನು, ಸ್ಪ್ರಾಕೆಟ್ಟು. ಇನ್ನೊಂದರಲ್ಲಿ ಒಳಗೇ ಮೋಟಾರು ಅಡಗಿದ 24 ವೋಲ್ಟಿನ ರೋಲರ್‌ಗಳು, ಸೆನ್ಸರ್‌ಗಳು, ಕಂಟ್ರೋಲ್ ಕಾರ್ಡುಗಳು. ಎರಡನೆಯದರ ಬೆಲೆ ಮೊದಲನೆಯದಕ್ಕಿಂತ ಹಲವು ಪಟ್ಟು. ಮಾರಾಟಗಾರರು ಎರಡನೆಯದನ್ನು ‘ವಿದ್ಯುತ್ ಉಳಿತಾಯ’ ಎಂಬ ಒಂದು ಮಾತಿನಿಂದ ಸಮರ್ಥಿಸುತ್ತಾರೆ. ಆ ಮಾತನ್ನು ಪರೀಕ್ಷಿಸುವುದು ಈ ಲೇಖನದ ಒಂದು ಉದ್ದೇಶ.

ಮೊದಲು ಸರಕು, ನಂತರ ಮೋಟಾರು

ರೋಲರ್ ಕನ್ವೇಯರ್ ಎಲ್ಲ ಸರಕಿಗೂ ಒಗ್ಗುವುದಿಲ್ಲ. ತಳ ಗಟ್ಟಿಯಾಗಿ, ಸಮತಟ್ಟಾಗಿ ಇರುವ ಸರಕಿಗೆ ಮಾತ್ರ ಅದು ಸಲ್ಲುತ್ತದೆ. ನಮ್ಮ ಅಕ್ಕಿ ಗಿರಣಿಗಳ 25 ಕಿಲೋ ಚೀಲ ಎರಡು ರೋಲರ್‌ಗಳ ನಡುವೆ ಕುಸಿದು ಕೂರುತ್ತದೆ, ಇಲ್ಲವೇ ಮೂಲೆ ಸಿಕ್ಕಿಕೊಂಡು ಹರಿಯುತ್ತದೆ. ಚೀಲಕ್ಕೆ ಬೆಲ್ಟ್ ಕನ್ವೇಯರೇ ಸರಿ. ಚೀಲಗಳನ್ನು ಪ್ಯಾಲೆಟ್ ಮೇಲೆ ಜೋಡಿಸಿದ ಬಳಿಕ ಆ ಪ್ಯಾಲೆಟ್ಟನ್ನು ಸಾಗಿಸಲು ರೋಲರ್ ಉತ್ತಮ. ಆದರೆ ಆಗ ಒಂದೊಂದು ಹೊರೆ ಸಾವಿರ ಕಿಲೋ ಮುಟ್ಟಬಹುದಾದ್ದರಿಂದ ರೋಲರ್, ಚೈನು, ಚೌಕಟ್ಟು ಎಲ್ಲವೂ ಬೇರೆಯೇ ಆಗುತ್ತವೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಸರಕನ್ನು ಬಿಡಿಯಾಗಿ ರೋಲರ್ ಮೇಲೆ ಬಿಡುವ ಯೋಚನೆಯನ್ನು ಯಾರೂ ಮಾಡಲಾರರು. ಕ್ರೇಟಿನಲ್ಲಿ ಇಟ್ಟರೆ ಮಾತ್ರ ಸಾಧ್ಯ.

ಹಾಲಿನ ಕ್ರೇಟು ರೋಲರ್‌ಗೆ ಹೇಳಿ ಮಾಡಿಸಿದಂಥದ್ದು. ಅರ್ಧ ಲೀಟರಿನ 20 ಪೊಟ್ಟಣ ತುಂಬಿದ ಕ್ರೇಟು ಸುಮಾರು 12 ಕಿಲೋ ತೂಗುತ್ತದೆ, ತಳ ಗಟ್ಟಿ. ಅಲ್ಲಿನ ತೊಂದರೆ ತೂಕವಲ್ಲ, ನೀರು. ಗೆಜ್ಜಲಗೆರೆಯಂತಹ ದೊಡ್ಡ ಡೇರಿಯಿರಲಿ, ಹಳ್ಳಿಯ ಪನೀರು ಘಟಕವಿರಲಿ, ನೆಲ ಸದಾ ತೇವ. ದಿನವೂ ಬಿಸಿನೀರು, ಸೋಡಾ ದ್ರಾವಣಗಳ ತೊಳೆತ. ಬೆಲ್ಲದ ಘಟಕದ ತೊಂದರೆ ಇದಕ್ಕೆ ತದ್ವಿರುದ್ಧ. ಬೆಲ್ಲದ ಪುಡಿ ಗಾಳಿಯ ತೇವವನ್ನು ಹೀರಿ ಅಂಟಾಗುತ್ತದೆ. ಬೇರಿಂಗ್, ಚೈನು, ಬೆಲ್ಟು ಎಲ್ಲಕ್ಕೂ ಪದರವಾಗಿ ಹತ್ತುತ್ತದೆ.

ಇನ್ನೊಂದು ಮೂಲ ನಿಯಮ: ಯಾವ ಕ್ಷಣದಲ್ಲೂ ಪ್ರತಿ ಪೆಟ್ಟಿಗೆಯ ಕೆಳಗೆ ಕನಿಷ್ಠ ಮೂರು ರೋಲರ್‌ಗಳಿರಬೇಕು. ಪೆಟ್ಟಿಗೆ 400 ಮಿ.ಮೀ. ಉದ್ದವಿದ್ದರೆ ರೋಲರ್‌ಗಳ ನಡುವಣ ಅಂತರ 133 ಮಿ.ಮೀ. ಮೀರಬಾರದು. ಬೆಲೆ ತಗ್ಗಿಸಿ ತೋರಿಸಲು ಈ ಅಂತರವನ್ನು ಹಿಗ್ಗಿಸಿದ ಕೊಟೇಶನ್‌ಗಳು ಬರುವುದುಂಟು. ಪೆಟ್ಟಿಗೆ ಕುಕ್ಕುತ್ತಾ ಸಾಗಿದರೆ ಒಳಗಿನ ಅಚ್ಚು ಬೆಲ್ಲದ ಅಂಚು ಒಡೆಯುತ್ತದೆ, ಆ ನಷ್ಟ ಕೊಟೇಶನ್ನಿನಲ್ಲಿ ಕಾಣುವುದಿಲ್ಲ.

ಒಂದು ಲೆಕ್ಕ

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ. ಉದ್ದ 12 ಮೀಟರ್. ಸರಕು 10 ಕಿಲೋ ಬೆಲ್ಲದ ರಟ್ಟಿನ ಪೆಟ್ಟಿಗೆ, ಉದ್ದ 400 ಮಿ.ಮೀ. ರೋಲರ್ 50 ಮಿ.ಮೀ. ವ್ಯಾಸದ್ದು, ಅಂತರ 120 ಮಿ.ಮೀ.; ಎಂದರೆ ಒಟ್ಟು 100 ರೋಲರ್‌ಗಳು. ತಲಾ 2.5 ಕಿಲೋ ಎಂದು ಹಿಡಿದರೆ ರೋಲರ್‌ಗಳ ತೂಕ 250 ಕಿಲೋ. ಪೆಟ್ಟಿಗೆಗಳು ಒಂದಕ್ಕೊಂದು ತಾಗಿ ಸಾಲು ಪೂರ್ತಿ ತುಂಬಿದರೆ 30 ಪೆಟ್ಟಿಗೆ, 300 ಕಿಲೋ. ಚಲಿಸಬೇಕಾದ ಒಟ್ಟು ತೂಕ 550 ಕಿಲೋ. ವೇಗ ನಿಮಿಷಕ್ಕೆ 18 ಮೀಟರ್, ಅಂದರೆ ಸೆಕೆಂಡಿಗೆ 0.3 ಮೀಟರ್.

ಉರುಳು ಘರ್ಷಣೆಯ ಅಂಶ 0.05 ಎಂದಿಟ್ಟುಕೊಂಡರೆ ಬೇಕಾಗುವ ಎಳೆತ ಸುಮಾರು 270 ನ್ಯೂಟನ್. ಅದನ್ನು ವೇಗದಿಂದ ಗುಣಿಸಿದರೆ 81 ವ್ಯಾಟ್. ಗೇರು, ಚೈನುಗಳ ನಷ್ಟದಲ್ಲಿ ಅರ್ಧ ಹೋಯಿತೆಂದರೂ ಮೋಟಾರಿನ ದಂಡದ ಮೇಲೆ 162 ವ್ಯಾಟ್ ಸಾಕು. ಅರ್ಧ ಅಶ್ವಶಕ್ತಿಯ (0.37 ಕಿಲೋವ್ಯಾಟ್) ಒಂದು ಮೋಟಾರು ಇದನ್ನು ನಿರಾಯಾಸವಾಗಿ ಎಳೆಯುತ್ತದೆ.

ಆದರೆ ಈ ಲೆಕ್ಕ ಪೆಟ್ಟಿಗೆಗಳು ಓಡುತ್ತಿರುವಾಗಿನದು. ಸಾಲಿನ ಕೊನೆಯಲ್ಲಿ ಒಂದು ತಡೆ ಇದ್ದು, ಲೇಬಲ್ ಹಚ್ಚುವವರು ಎರಡು ನಿಮಿಷ ತಡ ಮಾಡಿದರೆಂದು ಭಾವಿಸಿ. ಪೆಟ್ಟಿಗೆಗಳು ನಿಲ್ಲುತ್ತವೆ, ಕೆಳಗಿನ ರೋಲರ್‌ಗಳು ತಿರುಗುತ್ತಲೇ ಇರುತ್ತವೆ. ಈಗ ಇರುವುದು ಉರುಳು ಘರ್ಷಣೆಯಲ್ಲ, ಉಜ್ಜು ಘರ್ಷಣೆ. ರಟ್ಟಿಗೂ ಉಕ್ಕಿಗೂ ನಡುವೆ ಅದು 0.3 ಇದ್ದರೆ, 300 ಕಿಲೋ ಸರಕಿಗೆ ಸುಮಾರು 880 ನ್ಯೂಟನ್. ಅಂದರೆ ಮುಂದಿನ ಪೆಟ್ಟಿಗೆಯ ಬೆನ್ನ ಮೇಲೆ 90 ಕಿಲೋ ಸನಿಹದ ನೂಕು. ಮೊದಲಿನ 270 ನ್ಯೂಟನ್ ಇದಕ್ಕೆ ಸೇರಿ, ನಷ್ಟಗಳನ್ನೂ ಲೆಕ್ಕ ಹಿಡಿದರೆ ಮೋಟಾರಿನಿಂದ 0.7 ಕಿಲೋವ್ಯಾಟ್‌ನಷ್ಟು ಶಕ್ತಿ ಬೇಕಾಗುತ್ತದೆ. ಅರ್ಧ ಅಶ್ವಶಕ್ತಿಯ ಮೋಟಾರು ಬಿಸಿಯಾಗಿ ಟ್ರಿಪ್ ಆಗುವುದು, ಇಲ್ಲವೇ ಸುಡುವುದು ಇಂಥ ಹೊತ್ತಿನಲ್ಲಿಯೇ. ಆದುದರಿಂದ ಕನ್ವೇಯರ್ ತಯಾರಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಅಶ್ವಶಕ್ತಿ?’ ಎಂಬುದಲ್ಲ, ‘ಸರಕು ನಿಂತಾಗ ನಿಮ್ಮ ಕನ್ವೇಯರ್ ಏನು ಮಾಡುತ್ತದೆ?’ ಎಂಬುದು. ಚಾಲನಾ ವಿಧಾನಗಳ ನಡುವಣ ನಿಜವಾದ ವ್ಯತ್ಯಾಸ ಇರುವುದು ಈ ಪ್ರಶ್ನೆಯ ಉತ್ತರದಲ್ಲಿ.

ಚೈನು

ಒಂದು ರೋಲರ್‌ನಿಂದ ಪಕ್ಕದ ರೋಲರ್‌ಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಚಿಕ್ಕ ಚಿಕ್ಕ ಚೈನಿನ ಕುಣಿಕೆಗಳು. ಇದು ನಮ್ಮ ಕಡೆ ಹೆಚ್ಚು ಪರಿಚಿತವಾದ ಕ್ರಮ. ಜಾರುವುದಿಲ್ಲ, ಭಾರಕ್ಕೆ ಹೆದರುವುದಿಲ್ಲ, ಅರ್ಧ ಅಂಗುಲ ಪಿಚ್ಚಿನ ಚೈನು ಯಾವ ಊರಿನ ಅಂಗಡಿಯಲ್ಲಾದರೂ ದೊರೆಯುತ್ತದೆ. ಪ್ಯಾಲೆಟ್ಟಿಗೆ, ಡ್ರಮ್ಮಿಗೆ, ಅಚ್ಚು ಕಬ್ಬಿಣದ ಬಿಡಿಭಾಗಗಳಿಗೆ ಇದಕ್ಕೆ ಸಾಟಿಯಿಲ್ಲ.

ಇದರ ದೋಷವೂ ಅಷ್ಟೇ ಸ್ಪಷ್ಟ. ಮೋಟಾರಿನ ಹತ್ತಿರದ ಕುಣಿಕೆ ಮುಂದಿನ ಎಲ್ಲ ರೋಲರ್‌ಗಳ ಭಾರವನ್ನೂ ಹೊರಬೇಕು. ಅಲ್ಲಿಯೇ ಚೈನು ಮೊದಲು ಸವೆಯುತ್ತದೆ. ನಮ್ಮ ಉದಾಹರಣೆಯ 100 ರೋಲರ್‌ಗಳ ಸಾಲಿಗೆ ಮೋಟಾರನ್ನು ಒಂದು ತುದಿಗೆ ಕಟ್ಟುವ ಬದಲು ನಡುವೆ ಕಟ್ಟಿದರೆ ಎರಡೂ ಕಡೆಗೆ 50 ರೋಲರ್‌ಗಳಂತೆ ಹಂಚಿ, ಆ ಕುಣಿಕೆಯ ಭಾರ ಅರ್ಧಕ್ಕೆ ಇಳಿಯುತ್ತದೆ. ಕೊಟೇಶನ್ನಿನ ಬೆಲೆ ಬದಲಾಗದೆ ಚೈನಿನ ಆಯುಷ್ಯ ಹೆಚ್ಚುವ ಉಪಾಯವಿದು. ಆದರೂ ನಾವು ಕೇಳದೆ ತಾವಾಗಿ ಹೀಗೆ ಮಾಡಿಕೊಡುವವರು ಕಡಿಮೆ.

ಆಹಾರ ಘಟಕಗಳಲ್ಲಿ ಚೈನಿನ ಎಣ್ಣೆಯದೇ ಚಿಂತೆ. ಎಣ್ಣೆ ಹಾಕಿದರೆ ಬೆಲ್ಲದ ಪುಡಿ ಸೇರಿ ಅರೆಯುವ ಲೇಪವಾಗುತ್ತದೆ, ಹಾಕದಿದ್ದರೆ ಚೈನು ಒಣಗಿ ಕಿರುಗುಟ್ಟುತ್ತದೆ. ಪೂರ್ತಿ ಮುಚ್ಚಿದ ಚೈನ್ ಕವರ್ ಇಲ್ಲದೆ ಇದನ್ನು ಪ್ಯಾಕಿಂಗ್ ಕೊಠಡಿಯೊಳಗೆ ಒಯ್ಯಬಾರದು. ಸರಕು ನಿಂತಾಗ ಕನಿಕರ ತೋರದ ಚಾಲನೆಯೂ ಇದೇ: ಮೇಲೆ ಹೇಳಿದ 90 ಕಿಲೋ ನೂಕು ಚೈನಿನ ಸಾಲಿನಲ್ಲಿ ಪೂರ್ಣ ಪ್ರಮಾಣದಲ್ಲಿ ಬೀಳುತ್ತದೆ.

ಲೈನ್ ಶಾಫ್ಟು ಮತ್ತು ಬೆಲ್ಟು

ರೋಲರ್‌ಗಳ ಅಡಿಯಲ್ಲಿ ಸಾಲಿನುದ್ದಕ್ಕೂ ಒಂದು ದಂಡ. ಅದರಿಂದ ಒಂದೊಂದು ರೋಲರ್‌ಗೂ ತಿರುಚಿ ಹಾಕಿದ ಯುರೆಥೇನ್ ಬಳೆ. ಹಳೆಯ ಗಿರಣಿಗಳಲ್ಲಿ ಒಂದೇ ಇಂಜಿನ್ನಿನಿಂದ ಹಲವು ಯಂತ್ರ ನಡೆಸುತ್ತಿದ್ದ ಓವರ್‌ಹೆಡ್ ಶಾಫ್ಟನ್ನು ಕಂಡವರಿಗೆ ಇದು ಹಳೆಯ ನೆಂಟನಂತೆ ತೋರೀತು. ಹಗುರ ಪೆಟ್ಟಿಗೆಗೆ ಇದು ಒಳ್ಳೆಯ ಆಯ್ಕೆ. ಸದ್ದು ಕಡಿಮೆ, ಎಣ್ಣೆ ಬೇಡ, ತಿರುವುಗಳನ್ನೂ ಅದೇ ಮೋಟಾರಿನಿಂದ ನಡೆಸಬಹುದು. ಸರಕು ನಿಂತರೆ ಬಳೆ ಜಾರುತ್ತದೆ, ಹಾಗಾಗಿ ಪೆಟ್ಟಿಗೆ ಮೇಲಿನ ಒತ್ತಡ ಚೈನಿನಲ್ಲಿರುವಷ್ಟು ಬೀಳದು.

ಬಳೆ ಕಿತ್ತುಹೋದಾಗ ಹೊಸದನ್ನು ತೊಡಿಸಲು ದಂಡವನ್ನೇ ಬಿಚ್ಚಬೇಕಾಗುತ್ತದೆ. ಆದ್ದರಿಂದ ಜೋಡಿಸುವಾಗಲೇ ಕೆಲವು ಬಿಡಿ ಬಳೆಗಳನ್ನು ದಂಡಕ್ಕೆ ಪೋಣಿಸಿ ಬಿಟ್ಟಿರುವುದು ಅನುಭವಿಗಳ ಪದ್ಧತಿ. ಖರೀದಿಯ ಆದೇಶದಲ್ಲಿಯೇ ಇದನ್ನು ಬರೆಸಿರಿ. ಬೆಲ್ಲದ ಅಂಟು ಹತ್ತಿದ ಬಳೆ ಮೊದಮೊದಲು ಹಿಡಿಯುತ್ತದೆ, ಒಣಗಿ ನುಣುಪಾದ ಮೇಲೆ ಜಾರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು ಅನಿವಾರ್ಯ. ಬಿಸಿನೀರು, ಹಬೆ ಯುರೆಥೇನನ್ನು ಬೇಗ ಕೆಡಿಸುವುದರಿಂದ ಡೇರಿಯ ತೊಳೆಯುವ ಭಾಗಕ್ಕೆ ಇದನ್ನು ಸೂಚಿಸಲಾರೆ.

ರೋಲರ್‌ಗಳ ತಳಕ್ಕೆ ಒತ್ತಿ ಓಡುವ ಚಪ್ಪಟೆ ಬೆಲ್ಟಿನ ಚಾಲನೆಯೂ ಇದೆ. ಉದ್ದನೆಯ ನೇರ ಸಾಲುಗಳಿಗೆ, ದೊಡ್ಡ ಗೋದಾಮುಗಳಿಗೆ ಅದು ಸರಿ. ಬೆಲ್ಟಿನ ಬಿಗಿ ಮತ್ತು ನೇರ ಓಟವನ್ನು ಸದಾ ಗಮನಿಸುವ ಒಬ್ಬ ಫಿಟ್ಟರ್ ಇಲ್ಲದ ನಮ್ಮಂಥ ಘಟಕಗಳಿಗೆ ಅದರ ಮಾತು ಇಷ್ಟೇ ಸಾಕು.

24 ವೋಲ್ಟಿನ ಮೋಟಾರ್ ರೋಲರ್

ಇಲ್ಲಿ ಪ್ರತ್ಯೇಕ ಮೋಟಾರೇ ಕಾಣುವುದಿಲ್ಲ. 50 ಮಿ.ಮೀ. ವ್ಯಾಸದ ರೋಲರ್ ಕೊಳವೆಯೊಳಗೇ ಬ್ರಷ್ ಇಲ್ಲದ ಡಿ.ಸಿ. ಮೋಟಾರು ಮತ್ತು ಗೇರು ಕುಳಿತಿರುತ್ತವೆ. ಒಂದು ಮೋಟಾರ್ ರೋಲರ್ ತನ್ನ ಅಕ್ಕಪಕ್ಕದ ನಾಲ್ಕು ಸಾದಾ ರೋಲರ್‌ಗಳನ್ನು ಬೆಲ್ಟಿನಿಂದ ತಿರುಗಿಸುತ್ತದೆ. ಈ ಐದು ಸೇರಿ 600 ಮಿ.ಮೀ.ಯ ಒಂದು ವಲಯ. ನಮ್ಮ 12 ಮೀಟರ್ ಸಾಲಿಗೆ ಇಂಥ 20 ವಲಯಗಳು. ಪ್ರತಿ ವಲಯಕ್ಕೂ ಒಂದು ಸೆನ್ಸರ್. ಮುಂದಿನ ವಲಯ ಖಾಲಿಯಿದ್ದರೆ ಮಾತ್ರ ಹಿಂದಿನದು ಪೆಟ್ಟಿಗೆಯನ್ನು ಬಿಡುತ್ತದೆ, ಇಲ್ಲದಿದ್ದರೆ ತಾನೂ ನಿಲ್ಲುತ್ತದೆ. ಒಂದು ಪೆಟ್ಟಿಗೆ ಇನ್ನೊಂದನ್ನು ತಾಗುವುದೇ ಇಲ್ಲ. 90 ಕಿಲೋ ನೂಕು ಸೊನ್ನೆಗೆ ಇಳಿಯಿತು. ಈ ತಂತ್ರಜ್ಞಾನದ ನಿಜವಾದ ಹಿರಿಮೆ ಇದು.

ವಿದ್ಯುತ್ ಉಳಿತಾಯದ ಮಾತಿಗೆ ಬರೋಣ. ಚೈನಿನ ಸಾಲು ದಿನವಿಡೀ ತಿರುಗುತ್ತದೆ, ಮೋಟಾರ್ ರೋಲರ್ ಪೆಟ್ಟಿಗೆ ಬಂದಾಗ ಮಾತ್ರ ತಿರುಗುತ್ತದೆ, ಇದು ನಿಜ. ಆದರೆ ನಮ್ಮ ಚೈನಿನ ಸಾಲು ತಿನ್ನುವ ವಿದ್ಯುತ್ತಾದರೂ ಎಷ್ಟು? ದಂಡದ ಮೇಲೆ 162 ವ್ಯಾಟ್. ಚಿಕ್ಕ ಮೋಟಾರಿನ ದಕ್ಷತೆ ಶೇ. 65 ಎಂದು ಹಿಡಿದರೆ ಲೈನಿನಿಂದ ಎಳೆಯುವುದು 250 ವ್ಯಾಟ್. ದಿನಕ್ಕೆ 8 ಗಂಟೆ ಎಂದರೆ 2 ಯೂನಿಟ್. ವರ್ಷಕ್ಕೆ 300 ದಿನ ದುಡಿದರೆ 600 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಇಟ್ಟುಕೊಂಡರೂ 4,800 ರೂಪಾಯಿ. ಮೋಟಾರ್ ರೋಲರ್ ಸಾಲು ಒಂದು ಯೂನಿಟ್ಟನ್ನೂ ಬಳಸದೆ ನಡೆಯಿತೆಂದೇ ಭಾವಿಸಿದರೂ ವರ್ಷಕ್ಕೆ ಅದಕ್ಕಿಂತ ಹೆಚ್ಚು ಉಳಿಯುವಂತಿಲ್ಲ. 20 ಮೋಟಾರ್ ರೋಲರ್, 20 ಸೆನ್ಸರ್, ಕಾರ್ಡುಗಳು ಮತ್ತು ಪವರ್ ಸಪ್ಲೈಗಳ ಬೆಲೆಯ ಮುಂದೆ ಈ ಮೊತ್ತ ಏನೂ ಅಲ್ಲ. ದಿನದ 24 ಗಂಟೆ ನಡೆಯುವ, ನೂರಾರು ಮೀಟರ್ ಉದ್ದದ ಸಾಲುಗಳಿರುವ ಗೋದಾಮುಗಳ ಲೆಕ್ಕ ಬೇರೆ. ಅಲ್ಲಿಂದ ಎತ್ತಿ ತಂದ ಶೇಕಡಾವಾರು ಅಂಕಿಯನ್ನು ನಮ್ಮ ಪ್ಯಾಕಿಂಗ್ ಕೊಠಡಿಗೆ ಅನ್ವಯಿಸುವುದು ಸಲ್ಲದು.

ಹಾಗಾದರೆ ಯಾರು ಕೊಳ್ಳಬೇಕು? ಸರಕು ನಡುನಡುವೆ ನಿಲ್ಲಲೇಬೇಕಾದವರು. ಪೆಟ್ಟಿಗೆ ಜಜ್ಜಿದರೆ ಗಿರಾಕಿ ಹಿಂದಿರುಗಿಸುವ ಸರಕು ಇರುವವರು. ಸಂಕ್ರಾಂತಿಯ ಮುಂಚಿನ ತಿಂಗಳು ಒಂದು ಪಾಳಿ ಇದ್ದದ್ದನ್ನು ಎರಡು ಮಾಡುವವರು. ಮುಂದೆ ಸಾಲನ್ನು ಉದ್ದ ಮಾಡುವ ಯೋಜನೆ ಇರುವವರು. ಎಲ್ಲ ವಲಯಕ್ಕೂ ಹಾಕಬೇಕೆಂಬ ನಿಯಮವೂ ಇಲ್ಲ. 12 ಮೀಟರ್‌ನಲ್ಲಿ ಮೊದಲ 9 ಮೀಟರ್ ಕೇವಲ ಸಾಗಣೆಯಾದರೆ ಅಲ್ಲಿ ಲೈನ್ ಶಾಫ್ಟು ಇರಲಿ. ಲೇಬಲ್, ತೂಕ, ಟೇಪು ನಡೆಯುವ ಕೊನೆಯ 3 ಮೀಟರಿಗೆ ಮಾತ್ರ ಐದು ವಲಯಗಳ ಮೋಟಾರ್ ರೋಲರ್ ಇರಲಿ. ಆ ಐದೂ ತುಂಬಿದಾಗ ಹಿಂದಿನ ಗೇರ್ ಮೋಟಾರು ನಿಲ್ಲುವಂತೆ ಒಂದು ಸೆನ್ಸರಿನ ಸಂಪರ್ಕ ಕೊಟ್ಟರೆ ಮುಗಿಯಿತು. ಇಪ್ಪತ್ತರ ಬದಲು ಐದಕ್ಕೆ ಹಣ ತೆತ್ತು, ಪ್ರಯೋಜನದ ಬಹುಪಾಲು ದಕ್ಕಿಸಿಕೊಳ್ಳುವ ಈ ಮಿಶ್ರ ಕ್ರಮವೇ ನಮ್ಮ ಗಾತ್ರದ ಘಟಕಗಳಿಗೆ ಹೆಚ್ಚು ಹೊಂದುತ್ತದೆಂಬುದು ಈ ಲೇಖಕನ ಅಭಿಪ್ರಾಯ.

ತಂತಿಯ ವಿಷಯದಲ್ಲಿ ಒಂದು ಎಚ್ಚರಿಕೆ. 24 ವೋಲ್ಟಿನಲ್ಲಿ ಕರೆಂಟು ಹೆಚ್ಚು ಹರಿಯುತ್ತದೆ. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 20 ಆಂಪಿಯರನ್ನು 10 ಮೀಟರ್ ದೂರಕ್ಕೆ ಒಯ್ದರೆ ಹೋಗಿ ಬರುವ ದಾರಿಯಲ್ಲಿ ಸುಮಾರು 3 ವೋಲ್ಟ್ ಕರಗಿ, ತುದಿಯ ರೋಲರ್‌ಗೆ 21 ವೋಲ್ಟ್ ಮಾತ್ರ ತಲಪುತ್ತದೆ. ಪವರ್ ಸಪ್ಲೈಯನ್ನು ಗೋಡೆಯ ಪ್ಯಾನೆಲ್ಲಿನಲ್ಲಿ ಇಡದೆ ಸಾಲಿನ ಮಧ್ಯದಲ್ಲಿ ಇಡುವುದು ಲೇಸು. 48 ವೋಲ್ಟಿನ ರೋಲರ್‌ಗಳೂ ಮಾರುಕಟ್ಟೆಯಲ್ಲಿವೆ. ಅದೇ ಶಕ್ತಿಗೆ ಕರೆಂಟು ಅರ್ಧ, ತಂತಿಯಲ್ಲಿನ ನಷ್ಟ ಕಾಲು ಭಾಗ.

ನಮ್ಮ ಲೈನಿನ ಗುಣ

ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಪೂರೈಕೆ ತೂಬಿನಕೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ರೀತಿ, ಹಳ್ಳಿಯ ಫೀಡರಿನ ತುದಿಯಲ್ಲಿ ಇನ್ನೊಂದು ರೀತಿ ಇರುವುದನ್ನು ಸದಸ್ಯರಿಗೆ ವಿವರಿಸಬೇಕಿಲ್ಲ. ಸುತ್ತಲಿನ ಪಂಪ್‌ಸೆಟ್‌ಗಳು ಒಮ್ಮೆಲೇ ಶುರುವಾದಾಗ 415 ವೋಲ್ಟು 350ಕ್ಕೆ ಇಳಿದರೆ, ಎ.ಸಿ. ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಶೇ. 71ಕ್ಕೆ ಕುಸಿಯುತ್ತದೆ. ತುಂಬಿದ ಸಾಲು ಶುರುವಾಗದೆ ಗುಂಯ್‌ಗುಡುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರಂತೂ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ. ಸಿಂಗಲ್ ಫೇಸ್ ಪ್ರಿವೆಂಟರ್ ಮತ್ತು ಸರಿಯಾದ ಆಂಪಿಯರಿಗೆ ಹೊಂದಿಸಿದ ಓವರ್‌ಲೋಡ್ ರಿಲೇ ಇಲ್ಲದ ಸ್ಟಾರ್ಟರನ್ನು ಒಪ್ಪಲೇಬಾರದು.

ಮತ್ತೊಂದು ಕಡೆಯಿಂದ ನೋಡಿದರೆ, ಸುಟ್ಟ ಎ.ಸಿ. ಮೋಟಾರನ್ನು ಮಂಡ್ಯದಲ್ಲಿಯೇ ರೀವೈಂಡ್ ಮಾಡಿಸಬಹುದು. ದಕ್ಷತೆ ತುಸು ಇಳಿದರೂ ಕೆಲಸ ನಿಲ್ಲುವುದಿಲ್ಲ. ಮೋಟಾರ್ ರೋಲರ್ ಕೆಟ್ಟರೆ ಅದನ್ನು ಬಿಚ್ಚುವವರಿಲ್ಲ, ಇಡೀ ರೋಲರನ್ನೇ ಬದಲಿಸಬೇಕು. ಬದಲಿಸುವ ಕೆಲಸ ಮಾತ್ರ ಹತ್ತು ನಿಮಿಷದ್ದು, ಉಳಿದ ವಲಯಗಳು ಅಷ್ಟರಲ್ಲಿ ನಡೆಯುತ್ತಲೂ ಇರುತ್ತವೆ. ಕಪಾಟಿನಲ್ಲಿ ಬಿಡಿ ರೋಲರ್ ಇದ್ದವನಿಗೆ ಇದು ವರ, ಇಲ್ಲದವನಿಗೆ ಬೆಂಗಳೂರಿನ ದಾರಿ ಕಾಯುವ ಕೆಲಸ. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ತೆರೆದ ಮೇಲೆ ಪೀಣ್ಯ ಹತ್ತಿರವಾಗಿದೆ, ನಿಜ. ವಿದೇಶದಿಂದ ಬರಬೇಕಾದ ಕಾರ್ಡು ಪೀಣ್ಯದಲ್ಲಿಯೂ ದಾಸ್ತಾನಿಲ್ಲದಿದ್ದರೆ ರಸ್ತೆ ಏನು ಮಾಡೀತು?

ಗೇರ್ ಪೆಟ್ಟಿಗೆ, ವಿ.ಎಫ್.ಡಿ.

ಗೇರ್ ಮೋಟಾರನ್ನೇ ಆರಿಸಿದವರಿಗೆ ವರ್ಮ್ ಗೇರೋ ಹೆಲಿಕಲ್ ಗೇರೋ ಎಂಬ ಪ್ರಶ್ನೆ ಉಳಿಯುತ್ತದೆ. ಹೆಲಿಕಲ್‌ನ ದಕ್ಷತೆ ಶೇ. 95ರ ಆಸುಪಾಸು. ವರ್ಮ್ ಗೇರಿನದು ಅನುಪಾತ ಹೆಚ್ಚಿದಂತೆ ಇಳಿಯುತ್ತದೆ: 10–12ರ ಅನುಪಾತದಲ್ಲಿ ಶೇ. 80ಕ್ಕೂ ಮೇಲೆ, 50–60ರಲ್ಲಿ ಶೇ. 60ರ ಸುತ್ತ. ನಮ್ಮ ಸಾಲಿನ ರೋಲರ್ ನಿಮಿಷಕ್ಕೆ 115 ಸುತ್ತು ತಿರುಗಬೇಕು. 1,400 ಸುತ್ತಿನ ಮೋಟಾರಿಗೆ ಅನುಪಾತ 12 ಸಾಕು. ಇಲ್ಲಿ ಅಗ್ಗದ ವರ್ಮ್ ಗೇರು ತಪ್ಪೇನಲ್ಲ. ದೊಡ್ಡ ಅನುಪಾತದ ಪೆಟ್ಟಿಗೆ ದಾಸ್ತಾನಿನಲ್ಲಿದೆಯೆಂದು ಅದನ್ನೇ ತಂದು, ದೊಡ್ಡ ಸ್ಪ್ರಾಕೆಟ್ಟಿನಿಂದ ವೇಗವನ್ನು ಮತ್ತೆ ಏರಿಸುವ ಜೋಡಣೆಗೆ ಮಾತ್ರ ಒಪ್ಪಬೇಡಿರಿ.

ವಿ.ಎಫ್.ಡಿ. ಹಾಕಿದರೆ ಸಾಲು ಮೆಲ್ಲನೆ ಶುರುವಾಗುತ್ತದೆ, ವೇಗ ಬೇಕಾದಂತೆ ಬದಲಾಗುತ್ತದೆ. 20 ಹರ್ಟ್ಸ್‌ಗಿಂತ ಕೆಳಗೆ ದಿನವಿಡೀ ಓಡಿಸುವಂತಿದ್ದರೆ ಮೋಟಾರಿನ ಸ್ವಂತ ಫ್ಯಾನು ಸಾಲದು. ಒಂದೇ ಫೇಸ್ ಸಂಪರ್ಕವಿರುವ ಮನೆಯಂಗಳದ ಘಟಕಗಳಿಗೂ ಇದು ಉಪಕಾರಿ: ಒಂದು ಫೇಸಿನ 230 ವೋಲ್ಟನ್ನು ಪಡೆದು ಮೂರು ಫೇಸಿನ 230 ವೋಲ್ಟ್ ಕೊಡುವ ಚಿಕ್ಕ ಡ್ರೈವ್‌ಗಳು ದೊರೆಯುತ್ತವೆ. ಆದರೆ ಅದಕ್ಕೆ ಮೋಟಾರನ್ನು ಡೆಲ್ಟಾದಲ್ಲಿ ಜೋಡಿಸಬೇಕು. ಮೋಟಾರಿನ ಫಲಕದಲ್ಲಿ ಎರಡು ವೋಲ್ಟೇಜ್ ಬರೆದಿದ್ದು, ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದರೆ ಮಾತ್ರ ಸಾಧ್ಯ. ಮೂರೇ ತುದಿ ಹೊರಗೆ ತಂದ ಮೋಟಾರನ್ನು ಕೊಂಡವನು ಆಮೇಲೆ ಡ್ರೈವ್ ತಂದು ಪ್ರಯೋಜನವಿಲ್ಲ.

ಖರೀದಿ ಆದೇಶಕ್ಕೆ ಮುನ್ನ

ಪ್ಯಾಕಿಂಗ್ ಸಾಲುಗಳಲ್ಲಿ ದುಡಿಯುವವರು ಹೆಚ್ಚಾಗಿ ಮಹಿಳೆಯರು. ಸೆರಗು, ವೇಲು, ಜಡೆ ಇವು ತೆರೆದ ಚೈನಿನ ಪಕ್ಕದಲ್ಲಿ ಎಂಥ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಚಲಿಸುವ ಭಾಗಗಳಿಗೆ ಆವರಣವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ತನ್ನ 21ನೆಯ ಪ್ರಕರಣದಲ್ಲಿ ವಿಧಿಸಿತ್ತು. ಆದರೂ ಕವರನ್ನು ‘ಐಚ್ಛಿಕ’ ಎಂದು ಬೇರೆ ಸಾಲಿನಲ್ಲಿ ನಮೂದಿಸುವ ಕೊಟೇಶನ್‌ಗಳು ನಿಂತಿಲ್ಲ. ಕವರ್ ಮತ್ತು ಉದ್ದಕ್ಕೂ ಎಳೆಯಬಹುದಾದ ತುರ್ತು ನಿಲುಗಡೆಯ ಹಗ್ಗ ಎರಡನ್ನೂ ಮೂಲ ಬೆಲೆಯಲ್ಲಿಯೇ ಸೇರಿಸಿ ಕೇಳಿರಿ; ಆಗ ಮಾತ್ರ ಚೈನಿನ ಬೆಲೆಯನ್ನೂ, ಬಲ ಕಡಿಮೆಯಿದ್ದು ಕೈಗೆ ಅಷ್ಟಾಗಿ ಅಪಾಯ ತಾರದ 24 ವೋಲ್ಟಿನ ಬೆಲೆಯನ್ನೂ ನ್ಯಾಯವಾಗಿ ಹೋಲಿಸಿದಂತಾಗುತ್ತದೆ. ಡೇರಿ ಘಟಕದವರು ಐಪಿ 65 ಅಥವಾ ಅದಕ್ಕೂ ಮೇಲಿನ ರಕ್ಷಣೆಯ ಮೋಟಾರನ್ನೂ ಸ್ಟೇನ್‌ಲೆಸ್ ಚೌಕಟ್ಟನ್ನೂ ಬರೆಸಿಕೊಳ್ಳಬೇಕು.

ಕೊನೆಯದಾಗಿ, ಹಣ ಪೂರ್ತಿ ಸಂದಾಯ ಮಾಡುವ ಮುನ್ನ ಪರೀಕ್ಷೆಯನ್ನು ಖಾಲಿ ಸಾಲಿನಲ್ಲಿ ಮುಗಿಸಬೇಡಿರಿ. ನಿಮ್ಮದೇ ಪೆಟ್ಟಿಗೆಗಳನ್ನು ತುಂಬಿ, ಮುಂದಿನದನ್ನು ಕೈಯಿಂದ ತಡೆಯದೆ ಮರದ ತಡೆಯಿಟ್ಟು ಹತ್ತು ನಿಮಿಷ ನಿಲ್ಲಿಸಿ. ಬಳಿಕ ಯಂತ್ರವನ್ನು ಆರಿಸಿ, ತುಂಬಿದ ಸಾಲನ್ನು ಹಾಗೆಯೇ ಮತ್ತೆ ಶುರು ಮಾಡಿಸಿ. ಆ ಹೊತ್ತಿನಲ್ಲಿ ಮೋಟಾರು ಎಳೆಯುವ ಆಂಪಿಯರನ್ನು ಕ್ಲ್ಯಾಂಪ್ ಮೀಟರಿನಿಂದ ಅಳೆದು, ಫಲಕದ ಮೇಲಿನ ಅಂಕಿಯೊಡನೆ ಹೋಲಿಸಿ, ಸರಬರಾಜುದಾರರ ಸಹಿಯೊಂದಿಗೆ ಬರೆದಿಟ್ಟುಕೊಳ್ಳಿರಿ. ಮುಂದಿನ ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಅಚ್ಚುಗಳನ್ನೂ ಎಣಿಸಿ ನೋಡಿರಿ.